ಇಂಗ್ಲಿಷ್ ಉಚ್ಚಾರಣೆ: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು?

2025ರ ಆರಂಭದಲ್ಲಿ ಒಂದು ಸುದ್ದಿ ಬಂತು. ಫ್ರಾನ್ಸಿನ ದೊಡ್ಡ ಕಾಲ್ ಸೆಂಟರ್ ಕಂಪನಿ ಟೆಲಿಪರ್ಫಾರ್ಮೆನ್ಸ್, ಭಾರತದಲ್ಲಿ ಕೂತು ಕೆಲಸ ಮಾಡುವ ತನ್ನ ನೌಕರರ ಇಂಗ್ಲಿಷ್ ಆಕ್ಸೆಂಟನ್ನು ಎಐ ಮೂಲಕ ಬದಲಿಸುತ್ತಿದೆ ಅಂತ. ನೌಕರ ಇಲ್ಲಿ ತನ್ನ ಧಾಟಿಯಲ್ಲೇ ಮಾತಾಡುತ್ತಾನೆ. ಆ ಮಾತು ಗ್ರಾಹಕನ ಕಿವಿ ಮುಟ್ಟುವಷ್ಟರಲ್ಲಿ ಧಾಟಿ ಬೇರೆಯಾಗಿರುತ್ತದೆ, ದನಿ ಮಾತ್ರ ಅವನದೇ ಇರುತ್ತದೆ. ಈ ಸಾಫ್ಟ್‌ವೇರ್ ಮಾಡಿದ್ದು ಸಾನಾಸ್ ಎಂಬ ಅಮೆರಿಕದ ಕಂಪನಿ.

ಇತ್ತ ನಮ್ಮ ಶಾಲೆಗಳ ಸುದ್ದಿ ಬೇರೆಯೇ ಇದೆ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು. 2024-25ರ ರಾಜ್ಯ ಬಜೆಟ್‌ನಲ್ಲಿ 2,000 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಕನ್ನಡ-ಇಂಗ್ಲಿಷ್ ದ್ವಿಭಾಷಾ ಶಾಲೆ ಮಾಡುವ ಮಾತು ಬಂತು. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಮಾತ್ರ, ಐದನೇ ತರಗತಿವರೆಗೆ ಕನ್ನಡ ಇಲ್ಲವೇ ಮಾತೃಭಾಷೆಯಲ್ಲೇ ಪಾಠ ಆಗಬೇಕು ಎಂದಿತು.

ಇವನ್ನೆಲ್ಲ ಒಟ್ಟಿಗೆ ಓದಿದ ತಂದೆತಾಯಿಗೂ ಮೇಷ್ಟ್ರಿಗೂ ಗೊಂದಲ ಆಗುವುದು ಸಹಜ. ಇಂಗ್ಲಿಷ್ ಉಚ್ಚಾರಣೆಯನ್ನು ತರಗತಿಯಲ್ಲಿ ಕೂತು ಕಲಿಸಬೇಕಾ? ಕಲಿಸಿದರೆ ಯಾರ ಉಚ್ಚಾರಣೆ? ನಾಳೆ ಯಂತ್ರವೇ ತಿದ್ದುವುದಾದರೆ ಮಗುವಿಗೆ ಈ ಕಷ್ಟ ಯಾಕೆ?

ಮಾಧ್ಯಮದ ಚರ್ಚೆಯನ್ನು ಇಲ್ಲಿ ಪಕ್ಕಕ್ಕಿಡಬಹುದು. ಕಾರಣ ಸರಳ. 2007-08ರಿಂದ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಮಾಧ್ಯಮ ಯಾವುದೇ ಆಗಲಿ, ಮಗು ಇಂಗ್ಲಿಷ್ ಪದವನ್ನು ಬಾಯಲ್ಲಿ ಹೇಳಲೇಬೇಕು. ಅದನ್ನು ಹೇಗೆ ಕಲಿಸುತ್ತೇವೆ ಅನ್ನುವ ಪ್ರಶ್ನೆ ಎರಡೂ ಕಡೆ ಹಾಗೇ ಉಳಿದಿದೆ.

ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಆಕ್ಸೆಂಟ್ ಬದಲಿಸುವ ಸಾಫ್ಟ್‌ವೇರ್ ಹೆಡ್‌ಫೋನಿಗೂ ಫೋನ್ ಲೈನಿಗೂ ನಡುವೆ ಕೂತು ಕೆಲಸ ಮಾಡುತ್ತದೆ. ಅದಿಲ್ಲದ ಜಾಗದಲ್ಲಿ, ಅಂದರೆ ಎದುರುಬದುರು ಕೂತ ಇಂಟರ್‌ವ್ಯೂನಲ್ಲಿ, ಕಾಲೇಜಿನ ಸೆಮಿನಾರಿನಲ್ಲಿ, ಆಸ್ಪತ್ರೆಯಲ್ಲಿ ಬೇರೆ ರಾಜ್ಯದ ಡಾಕ್ಟರ ಮುಂದೆ, ನಮ್ಮ ಬಾಯೇ ಗತಿ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಉಚ್ಚಾರಣೆ ಬರೀ ಬಾಯಿಯ ವಿದ್ಯೆಯಲ್ಲ, ಕಿವಿಯ ವಿದ್ಯೆ ಕೂಡ. ಒಂದು ಪದವನ್ನು ಹುಡುಗಿ ತಪ್ಪಾಗಿ ಕಲಿತಿದ್ದರೆ, ಬೇರೆಯವರು ಅದನ್ನು ಸರಿಯಾಗಿ ಹೇಳಿದಾಗ ಅವಳಿಗೆ ಗುರುತೇ ಹತ್ತುವುದಿಲ್ಲ. ಹೊಟೆಲ್ ಅನ್ನುವ ಪದದಲ್ಲಿ ಕೊನೆಯ ‘ಟೆಲ್’ ಮೇಲೆ ಒತ್ತು ಬೀಳುತ್ತದೆ. ಮೊದಲ ಭಾಗ ಸಣ್ಣದಾಗಿ ಹೋಗಿಬಿಡುತ್ತದೆ. ನಾವು ಕಲಿತಿರುವುದು ‘ಹೋ’ ಮೇಲೆ ಭಾರ ಹಾಕಿ. ವೇಗವಾಗಿ ಮಾತಾಡುವವರ ಬಾಯಲ್ಲಿ ಆ ಪದ ಬಂದಾಗ ನಮ್ಮ ಕಿವಿ ‘ಹೋ’ ಹುಡುಕುತ್ತಾ ನಿಲ್ಲುತ್ತದೆ. ಅಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ಎರಡನೇ ವರ್ಷದ ಪದವಿಗೆ ಬಂದರೂ ಎಷ್ಟೋ ಮಕ್ಕಳು ಇಂಗ್ಲಿಷ್ ಓದಬಲ್ಲರು, ಬರೆಯಬಲ್ಲರು, ಆದರೆ ಕೇಳಿ ಅರ್ಥ ಮಾಡಿಕೊಳ್ಳಲಾರರು. ಅದಕ್ಕೆ ಇದೂ ಒಂದು ಕಾರಣ.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು: ಆಕ್ಸೆಂಟ್ ಬೇರೆ, ಅರ್ಥವಾಗುವುದು ಬೇರೆ. ಕೆನಡಾದ ಸಂಶೋಧಕರಾದ ಮರ್ರೆ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಇದನ್ನೇ ತೋರಿಸಿದರು. ಒಬ್ಬರ ಮಾತಿನಲ್ಲಿ ಪರಭಾಷೆಯ ಧಾಟಿ ಗಾಢವಾಗಿದ್ದರೂ, ಆಡಿದ ಪ್ರತಿ ಪದವೂ ಕೇಳುಗರಿಗೆ ಸರಿಯಾಗಿ ಅರ್ಥವಾಗಿರಬಹುದು. ಕಾಲ್ ಸೆಂಟರಿನ ಯಂತ್ರ ಮುಖ್ಯವಾಗಿ ಧಾಟಿಯ ಕಡೆ ಕೈಹಾಕಿದೆ. ಶಾಲೆ ನೋಡಿಕೊಳ್ಳಬೇಕಾದ್ದು ಅರ್ಥದ ಕಡೆಯನ್ನು.

ಯಾರ ಹಾಗೆ ಮಾತಾಡಬೇಕು?

ಈ ಬಗ್ಗೆ ಮೂರು ನಿಲುವುಗಳಿವೆ. ಮೂರಕ್ಕೂ ನಮ್ಮ ಸುತ್ತಮುತ್ತಲೇ ಬೇರುಗಳಿವೆ.

ಮೊದಲನೆಯದು ಹಳೆಯದು. ಬ್ರಿಟನ್ನಿನ ಸುಶಿಕ್ಷಿತರ ಉಚ್ಚಾರಣೆಯೇ ಮಾದರಿ, ಅದರಿಂದ ಸರಿದದ್ದೆಲ್ಲ ತಪ್ಪು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಆ ಕಾಲದ ಶಿಕ್ಷಕರ ತರಬೇತಿಯಲ್ಲಿ ಧ್ವನಿಲಿಪಿ (ಒಂದೊಂದು ಸದ್ದಿಗೂ ಒಂದೊಂದು ಗುರುತು), ಟೇಪು, ಮತ್ತೆ ಮತ್ತೆ ಹೇಳಿಸುವ ಡ್ರಿಲ್ಲು ಇವೇ ಆಧಾರ. ಶಿಸ್ತಿನ ಕೆಲಸ ನಿಜ. ಆದರೆ ಮಾದರಿಯಾಗಿ ಇಟ್ಟುಕೊಂಡ ಆ ಉಚ್ಚಾರಣೆಯನ್ನು ಬ್ರಿಟನ್ನಿನಲ್ಲೇ ಬಹಳ ಕಡಿಮೆ ಜನ ಆಡುತ್ತಾರೆ. ಕೂಡ್ಲಿಗಿಯ ಹುಡುಗನಿಗೆ ಅದನ್ನು ಗುರಿಯಾಗಿ ಕೊಟ್ಟರೆ ಅವನು ಗೆಲ್ಲುವುದು ಎಂದು?

ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ. ವಿಷಯ ತಲುಪಿದರೆ ಸಾಕು, ಸದ್ದುಗಳ ಗೊಡವೆ ಬೇಡ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದ ‘ಬೆಂಗಳೂರು ಪ್ರಾಜೆಕ್ಟ್’ ಜಗತ್ತಿನ ಭಾಷಾಬೋಧನೆಯಲ್ಲಿ ಹೆಸರುವಾಸಿ. ಮಗುವಿನ ಮನಸ್ಸು ಒಂದು ಕೆಲಸದಲ್ಲಿ ಮುಳುಗಿದ್ದಾಗ ಭಾಷೆ ತಾನಾಗಿ ಹತ್ತುತ್ತದೆ ಅನ್ನುವುದು ಅದರ ಸಾರ. ಅದು ಉಚ್ಚಾರಣೆಗೆಂದು ಮಾಡಿದ ಪ್ರಯೋಗವಲ್ಲ. ಆದರೆ ಆ ಕಾಲದ ಗಾಳಿಯೇ ಹಾಗಿತ್ತು. ಡ್ರಿಲ್ಲು ಹಳತಾಯಿತು ಎಂದು ಬಿಟ್ಟ ತರಗತಿಗಳು ಅದರ ಜಾಗಕ್ಕೆ ಬೇರೇನೂ ತರಲಿಲ್ಲ. ಸದ್ದಿನ ಪಾಠವೇ ಕೈಬಿಟ್ಟುಹೋಯಿತು.

ಮೂರನೆಯದು ನಡುವಿನ ದಾರಿ. ಅರ್ಥ ಕೆಡಿಸುವ ಸದ್ದುಗಳನ್ನು ಮಾತ್ರ ಹುಡುಕಿ ಕಲಿಸು, ಉಳಿದದ್ದನ್ನು ಬಿಡು. ಬ್ರಿಟನ್ನಿನ ಭಾಷಾತಜ್ಞೆ ಜೆನಿಫರ್ ಜೆಂಕಿನ್ಸ್ 2000ರಲ್ಲಿ ಇಂಥ ಒಂದು ಪಟ್ಟಿಯನ್ನೇ ಮುಂದಿಟ್ಟರು. ಬೇರೆ ಬೇರೆ ಮಾತೃಭಾಷೆಯವರು ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುವಾಗ ಎಲ್ಲಿ ಅಡಚಣೆ ಆಗುತ್ತದೆ ಎಂದು ನೋಡಿ ಮಾಡಿದ ಪಟ್ಟಿ ಅದು. 2018ರಲ್ಲಿ ಯುರೋಪಿನ ಭಾಷಾ ಮಾನದಂಡವೂ ತನ್ನ ಉಚ್ಚಾರಣೆಯ ಅಳತೆಗೋಲನ್ನು ತಿದ್ದಿಕೊಂಡಿತು. ‘ಇಂಗ್ಲಿಷರ ಹಾಗೆ’ ಅನ್ನುವ ಗುರಿ ಹಿಂದೆ ಸರಿದು, ‘ಕೇಳುವವರಿಗೆ ಅರ್ಥವಾಗುವ ಹಾಗೆ’ ಅನ್ನುವುದು ಮುಂದೆ ಬಂತು.

ಮೂರನೇ ನಿಲುವಿನೊಳಗೂ ಜಗಳ ಮುಗಿದಿಲ್ಲ. ಪದದ ಯಾವ ಭಾಗಕ್ಕೆ ಒತ್ತು ಅನ್ನುವುದನ್ನು ಜೆಂಕಿನ್ಸ್ ತಮ್ಮ ಮುಖ್ಯ ಪಟ್ಟಿಯಲ್ಲಿ ಸೇರಿಸಲಿಲ್ಲ. ಅದನ್ನು ಪಾಠದಿಂದ ಕಲಿಸುವುದು ಕಷ್ಟ ಎಂಬುದು ಅವರ ವಾದ. ಆದರೆ ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಹೈದರಾಬಾದಿನ ಸಂಸ್ಥೆಯ ಆರ್.ಕೆ. ಬನ್ಸಲ್ 1969ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ತಪ್ಪು ಜಾಗದ ಒತ್ತು ದೊಡ್ಡ ತೊಡಕು ಅನ್ನುವುದು ಅದರಲ್ಲಿ ಕಂಡ ವಿಷಯ. ಈ ಲೇಖನದ ನಿಲುವು ಮೂರನೆಯದು. ಒತ್ತಿನ ವಿಚಾರದಲ್ಲಿ ಮಾತ್ರ ಬನ್ಸಲ್ ಅವರ ಕಡೆ ವಾಲುತ್ತದೆ. ಬಾಯಲ್ಲಿ ಬರದಿದ್ದರೂ ಪರವಾಗಿಲ್ಲ, ಕಿವಿಗಂತೂ ಒತ್ತಿನ ಗುರುತು ಸಿಗಲೇಬೇಕು.

ಕನ್ನಡದ ಮಗುವಿಗೆ ಎಲ್ಲಿ ಕಷ್ಟ, ಎಲ್ಲಿ ಸುಲಭ

ಅರ್ಥ ಕೆಡಿಸುವ ಸದ್ದುಗಳು ಎಲ್ಲ ಭಾಷೆಯವರಿಗೂ ಒಂದೇ ಅಲ್ಲ. ಬೇರೆ ದೇಶದಲ್ಲಿ ಬರೆದ ಅಭ್ಯಾಸಪುಸ್ತಕವನ್ನು ಹಾಗೇ ತಂದರೆ ಸಮಯ ದಂಡ. ಅಂಥ ಪುಸ್ತಕಗಳಲ್ಲಿ ಶಿಪ್-ಶೀಪ್ ಜೋಡಿಗೆ ಪುಟಗಟ್ಟಲೆ ಜಾಗ. ಹ್ರಸ್ವ-ದೀರ್ಘ ಗೊತ್ತಿಲ್ಲದ ಭಾಷೆಯವರಿಗೆ ಅದು ಬೇಕು. ನಮ್ಮ ಮಗು ‘ಕಡು-ಕಾಡು’, ‘ಬಿಡು-ಬೀಡು’ ಆಡುತ್ತಲೇ ಬೆಳೆದದ್ದು. ಶಿಪ್-ಶೀಪ್ ಅದಕ್ಕೆ ಐದು ನಿಮಿಷದ ಕೆಲಸ.

ಹಾಗೆಯೇ ಥಿಂಕ್, ದಿಸ್ ಪದಗಳ ಮೊದಲ ಸದ್ದು. ನಾಲಿಗೆಯನ್ನು ಹಲ್ಲಿನ ನಡುವೆ ಇಡಿ ಎಂದು ತರಗತಿಯಲ್ಲಿ ಬಹಳ ಒದ್ದಾಡಿಸುತ್ತಾರೆ. ನಾವು ಅಲ್ಲಿ ಥ, ದ ಬಳಸುತ್ತೇವೆ. ‘ಟಿನ್’ಗೆ ಟ, ‘ಥಿನ್’ಗೆ ಥ. ಎರಡು ಪದಗಳೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಕೆಲಸ ನಡೆಯುತ್ತದೆ. ಜೆಂಕಿನ್ಸ್ ಪಟ್ಟಿಯಲ್ಲೂ ಈ ಸದ್ದು ಕಡ್ಡಾಯವಲ್ಲ. ಇದನ್ನು ಧೈರ್ಯವಾಗಿ ಬಿಡಬಹುದು.

ಬಿಡಲಾಗದವು ಬೇರೆ ಇವೆ.

ಒಂದು, ‘ವಿ’ ಮತ್ತು ‘ಡಬ್ಲ್ಯು’. ನಮ್ಮಲ್ಲಿರುವುದು ಒಂದೇ ವ. ಬನಿಯನ್ನಿನಂಥ ಒಳಉಡುಪಿಗೂ ಪಶ್ಚಿಮ ದಿಕ್ಕಿಗೂ ಕನ್ನಡದಲ್ಲಿ ಬರೆಯುವುದು ವೆಸ್ಟ್ ಅಂತಲೇ. ಎರಡು, ಜ಼ ಸದ್ದು. ರೈಸ್ ಅಂದರೆ ಅನ್ನ, ಅದರ ಕೊನೆಯ ಸದ್ದನ್ನು ಗಂಟಲಿನಲ್ಲಿ ನಡುಗಿಸಿದರೆ ‘ಮೇಲೇಳು’ ಅನ್ನುವ ಅರ್ಥದ ರೈಜ಼್. ನಮ್ಮ ಬಾಯಲ್ಲಿ ಎರಡೂ ಒಂದೇ ಆಗುತ್ತವೆ, ಇಲ್ಲವೇ ಎರಡನೆಯದು ಜಕ್ಕೆ ತಿರುಗುತ್ತದೆ. ಮೂರು, ಪದದ ಮೊದಲಿಗೆ ಎ, ಒ ಬಂದಾಗ ನಾವು ಗೊತ್ತಿಲ್ಲದೆ ಸೇರಿಸುವ ಯ, ವ. ಎಗ್ ‘ಯೆಗ್ಗು’ ಆಗುತ್ತದೆ, ಓಲ್ಡ್ ‘ವೋಲ್ಡು’ ಆಗುತ್ತದೆ. ಎಮ್ಮೆಲ್ಲೆ ಅನ್ನುವುದನ್ನು ಒಮ್ಮೆ ಜೋರಾಗಿ ಹೇಳಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಬಹಳ ಜನಕ್ಕೆ ಹೊಳೆಯದ ಸದ್ದು. ಇಂಗ್ಲಿಷಿನಲ್ಲಿ ‘ಪಿನ್’ ಅನ್ನುವಾಗ ಮೊದಲ ಪ ಜೊತೆ ಒಂದು ಪುಟ್ಟ ಉಸಿರು ಹೊರಬರುತ್ತದೆ. ನಮ್ಮ ಪ ಅಲ್ಪಪ್ರಾಣ, ಉಸಿರಿಲ್ಲ. ಇಂಗ್ಲಿಷ್ ಕಿವಿ ಆ ಉಸಿರನ್ನೇ ಗುರುತು ಹಿಡಿದು ಇದು ‘ಪಿ’ ಎಂದು ತಿಳಿಯುತ್ತದೆ. ಉಸಿರಿಲ್ಲದಿದ್ದರೆ ಅದಕ್ಕೆ ‘ಬಿನ್’ ಅಂತ ಕೇಳಿಸಿಬಿಡಬಹುದು. ತಮಾಷೆ ಅಂದರೆ ಅಲ್ಪಪ್ರಾಣ-ಮಹಾಪ್ರಾಣದ ಭೇದ ಕನ್ನಡದ ವರ್ಣಮಾಲೆಯಲ್ಲೇ ಇದೆ. ಅದನ್ನು ಕಲಿತ ಮಗುವಿಗೆ ಈ ಉಸಿರು ಹೊಸದೇನಲ್ಲ.

ಪ್ರದೇಶದಿಂದ ಪ್ರದೇಶಕ್ಕೂ ವ್ಯತ್ಯಾಸ ಇದೆ. ಹಳೇ ಮೈಸೂರು ಕಡೆಯ ಹಳ್ಳಿಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಊರಿನಲ್ಲಿ ಅದರಿಂದ ಯಾರಿಗೂ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ಹೇರ್ ಅಂದರೆ ಕೂದಲು, ಏರ್ ಅಂದರೆ ಗಾಳಿ, ಎರಡೂ ಪದಗಳಿವೆ. ಮನೆಯ ಮಾತನ್ನು ತಪ್ಪು ಅನ್ನಬೇಕಾಗಿಲ್ಲ. ಇಂಗ್ಲಿಷಿಗೆ ಆ ಹ ಬೇಕು ಎಂದು ಹೇಳಿದರೆ ಸಾಕು.

ತರಗತಿಯಲ್ಲಿ ಎಲ್ಲರ ಮನೆಮಾತೂ ಕನ್ನಡ ಅಲ್ಲವಲ್ಲ. ಉರ್ದು ಮನೆಮಾತಿನ ಮಕ್ಕಳಿಗೆ ‘ಜ಼’ ಮತ್ತು ‘ಫ಼’ ಹುಟ್ಟಿನಿಂದ ಬಂದಿರುತ್ತವೆ. ಆ ಮಗುವೇ ‘ಜ಼ಮೀನ್’ ಎಂದು ಹೇಳಿ ತೋರಿಸಲಿ. ದೂರದ ಧ್ವನಿಮುದ್ರಣಕ್ಕಿಂತ ಪಕ್ಕದ ಬೆಂಚಿನ ಗೆಳೆಯನ ಬಾಯಿ ಒಳ್ಳೆಯ ಪಾಠ.

ಲಿಪಿ ಮಾಡುವ ಮೋಸ

ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು ನಮ್ಮ ಮಕ್ಕಳ ಹಳೆಯ ಅಭ್ಯಾಸ. ಓದಲು ಅದು ಊರುಗೋಲು. ಆದರೆ ಅದರಿಂದ ಮೂರು ತಪ್ಪುಗಳು ಗಟ್ಟಿಯಾಗುತ್ತವೆ.

ಬಾಲ್, ಹಾಲ್, ಕಾಫಿ, ಕಾಲೇಜು, ಎಲ್ಲಕ್ಕೂ ನಾವು ‘ಆ’ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ಬರುವ ಸ್ವರಕ್ಕೆ ತುಟಿ ದುಂಡಗಾಗಬೇಕು. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ. ಹಾಗೆಯೇ ಬ್ಯಾಟ್, ಕ್ಯಾಟ್ ಎಂದು ಬರೆದಾಗ ಇಲ್ಲದ ಯ ಒಂದು ನಡುವೆ ನುಗ್ಗುತ್ತದೆ. ಇನ್ನು ಒತ್ತಕ್ಷರ: ಸಮ್ಮರ್, ರನ್ನಿಂಗ್. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಎರಡು ಸಲ ಬಂದರೆ ಸದ್ದು ಎರಡಾಗುವುದಿಲ್ಲ. ಹಿಂದಿನ ಸ್ವರ ಚಿಕ್ಕದು ಅನ್ನುವುದಕ್ಕೆ ಸಾಮಾನ್ಯವಾಗಿ ಅದು ಗುರುತು ಅಷ್ಟೆ. ನಾವು ‘ಕಣ್ಣು’, ‘ಬೆಣ್ಣೆ’ ಓದಿದ ರೂಢಿಯಲ್ಲಿ ಅಲ್ಲೂ ಒತ್ತಿ ಹೇಳುತ್ತೇವೆ.

ಎಲ್ಲಕ್ಕಿಂತ ಆಳದ ಮೋಸ ಬೇರೆ. ಕನ್ನಡ ಬರೆದಂತೆ ಓದುವ ಭಾಷೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ನಂಬಿಕೆಯಲ್ಲೇ ಮಗು ಇಂಗ್ಲಿಷಿಗೆ ಬರುತ್ತದೆ. ಬನಾನ ಅನ್ನುವ ಪದದ ಮೂರು ಸ್ವರಗಳನ್ನೂ ತುಂಬಿ ಹೇಳುತ್ತದೆ. ಇಂಗ್ಲಿಷಿನಲ್ಲಿ ನಡುವಿನ ‘ನಾ’ ಒಂದೇ ಸ್ಪಷ್ಟ. ಅದರ ಹಿಂದೆ ಮುಂದೆ ಇರುವುದು ಬಾಯಿ ಅರ್ಧ ತೆರೆದು ಬಿಟ್ಟಂಥ ಒಂದು ಮಸುಕು ಸದ್ದು.

ಮಗುವಿಗೆ ಇದು ವಿಚಿತ್ರ ಅನಿಸಬೇಕಾಗಿಲ್ಲ. ‘ಸುಮ್ಮನೆ’ ಎಂದು ಬರೆದು ನಾವೆಲ್ಲ ಹೇಳುವುದು ‘ಸುಮ್ನೆ’. ‘ಮಾಡುತ್ತಾರೆ’ ಬಾಯಲ್ಲಿ ‘ಮಾಡ್ತಾರೆ’. ‘ಅಲ್ಲವಾ’ ಆಗುವುದು ‘ಅಲ್ವಾ’. ಕನ್ನಡದ ಆಡುಮಾತು ಕೂಡ ಸ್ವರ ನುಂಗುತ್ತದೆ. ಬೋರ್ಡಿನ ಮೇಲೆ ಈ ಮೂರು ಜೋಡಿ ಬರೆದು, ಆಮೇಲೆ ಬನಾನಕ್ಕೆ ಬಂದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಮಗುವಿನ ಭಾಷೆಯಲ್ಲೇ ಏಣಿ ಇರುವಾಗ ಹೊರಗಿನಿಂದ ತರುವುದು ಯಾಕೆ?

ಮೊದಲು ಕಿವಿ, ಆಮೇಲೆ ಬಾಯಿ

ನಮ್ಮ ತರಗತಿಗಳ ಸಾಮಾನ್ಯ ಕ್ರಮ ಹೀಗೆ: ಮೇಷ್ಟ್ರು ಹೇಳುತ್ತಾರೆ, ನಲವತ್ತು ಮಕ್ಕಳು ಒಟ್ಟಿಗೆ ಕೂಗುತ್ತಾರೆ. ಆ ಕೂಗಿನಲ್ಲಿ ಯಾರು ಏನು ಹೇಳಿದರು ಎಂದು ಯಾರಿಗೂ ತಿಳಿಯುವುದಿಲ್ಲ. ಮಗುವಿನ ಕಿವಿಗೇ ವ್ಯತ್ಯಾಸ ಕೇಳಿಸದಿದ್ದರೆ ಬಾಯಿ ಅದನ್ನು ಹೇಗೆ ಮಾಡೀತು?

ಹಾಗಾಗಿ ಶುರು ಮಾಡಬೇಕಾದ್ದು ಕೇಳಿಸುವುದರಿಂದ. ವಿ-ಡಬ್ಲ್ಯು ಜೋಡಿಯನ್ನೇ ತೆಗೆದುಕೊಳ್ಳಿ. ಮೇಷ್ಟ್ರು ಬೋರ್ಡಿನ ಎಡಕ್ಕೆ ಬನಿಯನ್ ಚಿತ್ರ ಬರೆಯುತ್ತಾರೆ, ಬಲಕ್ಕೆ ಮುಳುಗುವ ಸೂರ್ಯ. ಎಡದ್ದಕ್ಕೆ ಒಂದು ಬೆರಳು, ಬಲದ್ದಕ್ಕೆ ಎರಡು. ಮೊದಲ ಸುತ್ತಿನಲ್ಲಿ ಬಾಯಿ ಕಾಣುವಂತೆ ಹೇಳುತ್ತಾರೆ: ಮೇಲಿನ ಹಲ್ಲು ಕೆಳತುಟಿ ಮುಟ್ಟಿದರೆ ವಿ, ಸೀಟಿ ಹೊಡೆಯುವ ಹಾಗೆ ತುಟಿ ದುಂಡಗಾದರೆ ಡಬ್ಲ್ಯು. ಎರಡನೇ ಸುತ್ತಿನಲ್ಲಿ ಬಾಯಿಗೆ ನೋಟ್‌ಬುಕ್ ಅಡ್ಡ ಹಿಡಿದು ಹೇಳುತ್ತಾರೆ. ಮಕ್ಕಳು ಕಣ್ಣು ಮುಚ್ಚಿ ಬೆರಳು ತೋರಿಸುತ್ತಾರೆ. ನಲವತ್ತು ಮಕ್ಕಳಲ್ಲಿ ಯಾರ ಕಿವಿ ಇನ್ನೂ ಹಿಡಿದಿಲ್ಲ ಎಂದು ಒಂದೇ ನೋಟಕ್ಕೆ ಮೇಷ್ಟ್ರಿಗೆ ಗೊತ್ತಾಗುತ್ತದೆ. ಕಣ್ಣು ಮುಚ್ಚಿರುವುದರಿಂದ ತಪ್ಪಿದ ಮಗುವಿಗೆ ನಾಚಿಕೆಯೂ ಇಲ್ಲ. ಮೂರನೇ ಸುತ್ತಿನಲ್ಲಿ ಒಬ್ಬ ಹುಡುಗಿ ಎದ್ದು ಬಂದು ನೋಟ್‌ಬುಕ್ ಹಿಡಿದು ಹೇಳುತ್ತಾಳೆ. ಇಡೀ ತರಗತಿ ಎರಡು ಬೆರಳು ಎತ್ತಿದರೆ, ಅವಳು ಹೇಳಬೇಕೆಂದಿದ್ದದ್ದು ಒಂದಾಗಿದ್ದರೆ, ತಿದ್ದುವವರು ಬೇಕಿಲ್ಲ. ಅವಳೇ ತುಟಿ ಸರಿಮಾಡಿಕೊಂಡು ಇನ್ನೊಮ್ಮೆ ಹೇಳುತ್ತಾಳೆ.

ಪಿನ್-ಬಿನ್ ಜೋಡಿಗೆ ಒಂದು ಕಾಗದದ ಚೂರು ಸಾಕು. ತುಟಿಯಿಂದ ನಾಲ್ಕು ಬೆರಳು ದೂರ ಹಿಡಿದು ‘ಪಿನ್’ ಅಂದರೆ ಅದು ಅಲುಗಬೇಕು, ‘ಬಿನ್’ ಅಂದರೆ ಅಷ್ಟಾಗಿ ಅಲುಗಬಾರದು. ಜ಼ಗೆ ಗಂಟಲ ಮೇಲೆ ಬೆರಳಿಟ್ಟುಕೊಂಡು ಜೇನುನೊಣದ ಹಾಗೆ ಸದ್ದು ಮಾಡಿದರೆ ನಡುಕ ಕೈಗೆ ಸಿಗುತ್ತದೆ.

ಕಿವಿ ಹದವಾದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಆಟ. ಇಬ್ಬರ ಕೈಯಲ್ಲೂ ಒಂಬತ್ತು ಮನೆಯ ಚೌಕ. ಒಬ್ಬಳ ಚೌಕದಲ್ಲಿ ಪೆನ್, ಪ್ಯಾನ್, ಫ್ಯಾನ್, ವ್ಯಾನ್ ಇಂಥ ಚಿತ್ರಗಳು. ಯಾವ ಮನೆಯಲ್ಲಿ ಏನಿದೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಬೇಕು, ಹಿಂದಿರುವವನು ತನ್ನ ಖಾಲಿ ಚೌಕದಲ್ಲಿ ಬರೆಯಬೇಕು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬಾಣಲೆ ಇರಬೇಕಾದ ಕಡೆ ಫ್ಯಾನ್ ಬಂದಿದ್ದರೆ ಎಲ್ಲಿ ಎಡವಿದೆವು ಎಂದು ಇಬ್ಬರಿಗೂ ಗೊತ್ತು. ಕೂಗಿ ಒಪ್ಪಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೆ: ಇಲ್ಲಿ ಸದ್ದು ತಪ್ಪಿದರೆ ಕೆಲಸ ಕೆಡುತ್ತದೆ. ಹಾಗಾಗಿ ಸದ್ದಿಗೆ ಬೆಲೆ ಬರುತ್ತದೆ. ಡ್ರಿಲ್ಲಿನ ಶಿಸ್ತೂ ಬೆಂಗಳೂರು ಪ್ರಾಜೆಕ್ಟಿನ ಅರ್ಥದ ಗುರಿಯೂ ಇಲ್ಲಿ ಒಂದಾಗುತ್ತವೆ.

ಕ್ರಿಯಾಪದಗಳ ಭೂತಕಾಲಕ್ಕೂ ಆಟವೇ ವಾಸಿ. ವಾಕ್ಡ್ ಪದದ ಕೊನೆ ‘ಟ್’, ಪ್ಲೇಡ್ ಕೊನೆ ‘ಡ್’, ವಾಂಟೆಡ್ ಕೊನೆ ‘ಇಡ್’. ನಮ್ಮ ಮಕ್ಕಳು ಎಲ್ಲಕ್ಕೂ ಎಡ್ ಹಚ್ಚಿ ‘ವಾಕೆಡ್’, ‘ಲುಕೆಡ್’ ಅನ್ನುತ್ತಾರೆ. ಕೋಣೆಯ ಮೂರು ಮೂಲೆಗೆ ಮೂರು ಸದ್ದು ಕೊಟ್ಟು, ಪದ ಕೇಳಿದ ಕೂಡಲೇ ಆಯಾ ಮೂಲೆಗೆ ಓಡಿಸಿದರೆ ನಿಯಮ ಬಾಯಿಪಾಠ ಮಾಡಿಸುವುದೇ ಬೇಡ.

ಹುಣಸೆಬೀಜ, ಕವಡೆ ಮತ್ತು ಚಪ್ಪಾಳೆ

ಒತ್ತನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಮಕ್ಕಳಿಗೆ ಹತ್ತುವುದಿಲ್ಲ, ಕಣ್ಣಿಗೆ ಕಾಣಬೇಕು. ಚೌಕಾಬಾರದ ಸಾಮಾನು ಇದ್ದರೆ ಸಾಕು. ಸಿಲೆಬಲ್ ಅಂದರೆ ಒಂದು ಸ್ವರದ ಸುತ್ತ ಕೂಡುವ ಪದದ ತುಂಡು. ಒತ್ತಿಲ್ಲದ ಸಿಲೆಬಲ್‌ಗೆ ಹುಣಸೆಬೀಜ, ಒತ್ತಿರುವುದಕ್ಕೆ ಕವಡೆ. ಫೋಟೊಗ್ರಾಫ್ ಅಂದರೆ ಕವಡೆ, ಬೀಜ, ಬೀಜ. ಫೊಟಾಗ್ರಫಿ ಅಂದರೆ ಬೀಜ, ಕವಡೆ, ಬೀಜ, ಬೀಜ. ಡೆವಲಪ್‌ಮೆಂಟ್ ಕೂಡ ಹಾಗೇ, ಕವಡೆ ಎರಡನೇ ಜಾಗದಲ್ಲಿ. ಕವಡೆ ಸರಿದಂತೆ ಸ್ವರವೂ ಬದಲಾಗುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ವಾಕ್ಯದ ಲಯಕ್ಕೆ ಬಂದರೆ ನಮ್ಮ ಛಂದಸ್ಸು ಒಳ್ಳೆಯ ಹೋಲಿಕೆ. ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು ಮಾತ್ರೆಯ ಗಣಗಳು. ಲಘುವಿಗೆ ಒಂದು, ಗುರುವಿಗೆ ಎರಡು, ಪ್ರತಿ ಅಕ್ಷರಕ್ಕೂ ಲೆಕ್ಕ ಉಂಟು. ಇಂಗ್ಲಿಷ್ ಲಯಕ್ಕೆ ಒತ್ತೇ ಪ್ರಧಾನ. ‘ಕ್ಯಾಟ್ಸ್ ಚೇಸ್ ಮೈಸ್’ ಅನ್ನುವುದಕ್ಕೆ ಮೂರು ಚಪ್ಪಾಳೆ. ‘ದ ಕ್ಯಾಟ್ಸ್ ಹ್ಯಾವ್ ಚೇಸ್ಡ್ ದ ಮೈಸ್’ ಅನ್ನುವುದಕ್ಕೂ ಮೂರೇ. ನಡುವಿನ ಪುಟ್ಟ ಪದಗಳು ಎರಡು ಚಪ್ಪಾಳೆಯ ಮಧ್ಯೆ ನುಸುಳಿಹೋಗಬೇಕು. ಎಲ್ಲ ಪದಕ್ಕೂ ಸಮನಾಗಿ ತೂಕ ಹಾಕುವುದರಿಂದಲೇ ನಮ್ಮ ಇಂಗ್ಲಿಷ್ ಓದು ಪಟಪಟ ಎಂದು ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತದೆ. ಉದ್ದದ ವಾಕ್ಯವನ್ನು ಹಿಂದಿನಿಂದ ಕಟ್ಟುವುದೂ ಒಂದು ಉಪಾಯ: ಮೊದಲು ಕೊನೆಯ ಪದ, ಆಮೇಲೆ ಕೊನೆಯ ಎರಡು, ಆಮೇಲೆ ಮೂರು. ವಾಕ್ಯದ ಕೊನೆಗೆ ಬಂದಾಗ ಮಗುವಿನ ದನಿ ಸೊರಗುವುದಿಲ್ಲ.

ಮೊಬೈಲಿನ ವಾಯ್ಸ್ ಟೈಪಿಂಗ್ ಕೂಡ ಒಂದು ಸಾಧನ. ವಾಕ್ಯ ಹೇಳಿ, ಪರದೆಯ ಮೇಲೆ ಏನು ಬಂತು ಎಂದು ನೋಡುವುದು. ಮಕ್ಕಳಿಗೆ ಇಷ್ಟವಾಗುತ್ತದೆ. ಆದರೆ ಯಂತ್ರ ಹಿಂದುಮುಂದಿನ ಪದ ನೋಡಿ ಊಹಿಸುತ್ತದೆ. ತಪ್ಪಾಗಿ ಹೇಳಿದ್ದು ಸರಿಯಾಗಿ ಮೂಡಬಹುದು, ಸರಿಯಾಗಿ ಹೇಳಿದ್ದು ತಪ್ಪಾಗಿ ಮೂಡಬಹುದು. ಅದನ್ನು ತೀರ್ಪುಗಾರ ಮಾಡಬಾರದು.

ಇಷ್ಟು ಸುಲಭ ಇದ್ದರೂ ಯಾಕೆ ನಡೆಯುತ್ತಿಲ್ಲ?

ಸಲಕರಣೆಯ ಕೊರತೆ ಇದಕ್ಕೆ ಕಾರಣವಲ್ಲ. ಕಾಗದದ ಚೂರು, ಹುಣಸೆಬೀಜ ಎಲ್ಲ ಊರಿನಲ್ಲೂ ಸಿಗುತ್ತವೆ. ಚಟುವಟಿಕೆಯ ಮೂಲಕ ಕಲಿಸುವ ರೂಢಿಯೂ ನಮಗೆ ಹೊಸತಲ್ಲ, ಕೆಳಗಿನ ತರಗತಿಗಳಲ್ಲಿ ನಲಿ-ಕಲಿ ವರ್ಷಗಳಿಂದ ಇದೆ.

ದೊಡ್ಡ ಕಾರಣ ಪರೀಕ್ಷೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಬರವಣಿಗೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಬರೆಯುವ ಪತ್ರಿಕೆಯಲ್ಲಿ ಉಚ್ಚಾರಣೆ ಬಂದಾಗ ‘ಕೆಳಗಿನವುಗಳಲ್ಲಿ ಎರಡು ಸಿಲೆಬಲ್ ಇರುವ ಪದ ಯಾವುದು’ ಎಂಬಂಥ ಒಂದು ಅಂಕದ ಪ್ರಶ್ನೆಯಾಗಿ ಬಂದಿದೆ. ಬಾಯಿ ತೆರೆಯದೆಯೇ ಅದಕ್ಕೆ ಉತ್ತರ ಬರೆಯಬಹುದು. ಪರೀಕ್ಷೆ ಕೇಳದ್ದಕ್ಕೆ ಪಾಠದಲ್ಲಿ ಹೊತ್ತು ಸಿಗುವುದಿಲ್ಲ. ಹೊತ್ತು ಸಿಗದ್ದರಲ್ಲಿ ಮೇಷ್ಟ್ರಿಗೂ ಕೈ ಕುದುರುವುದಿಲ್ಲ.

ಎರಡನೇ ಕಾರಣ ಮೇಷ್ಟ್ರ ಅಳುಕು. ನನ್ನದೇ ಉಚ್ಚಾರಣೆ ಸರಿಯಿಲ್ಲ, ನಾನೇನು ಕಲಿಸಲಿ ಅನ್ನುವ ಭಾವನೆ. ಬ್ರಿಟಿಷ್ ಮಾದರಿಯನ್ನು ಗುರಿಯಾಗಿಟ್ಟದ್ದರ ಅಡ್ಡಪರಿಣಾಮ ಇದು. ಗುರಿಯನ್ನು ಅರ್ಥವಾಗುವ ಮಟ್ಟಕ್ಕೆ ತಂದರೆ ಅಳುಕಿಗೆ ಕಾರಣವೇ ಉಳಿಯುವುದಿಲ್ಲ. ಕನ್ನಡ ಮಾತಾಡುವ ಮೇಷ್ಟ್ರಿಗೆ ಒಂದು ಅನುಕೂಲವೂ ಇದೆ. ಮಗು ಎಲ್ಲಿ ಎಡವುತ್ತದೆ ಅನ್ನುವುದು ಅವರಿಗೆ ತಮ್ಮದೇ ನಾಲಿಗೆಯಿಂದ ಗೊತ್ತು. ಲಂಡನ್ನಿನಿಂದ ಬಂದವರಿಗೆ ಅದು ಗೊತ್ತಿರುವುದಿಲ್ಲ.

ಮುಂದೆ ಏನಾಗಬಹುದು

ಈಗಿರುವ ಹಾಗೇ ಬಿಟ್ಟರೆ ಅಂತರ ಬೆಳೆಯುತ್ತದೆ. ನೇಮಕಾತಿಯಲ್ಲಿ ಅಭ್ಯರ್ಥಿಯ ಮಾತನ್ನು ಕಂಪ್ಯೂಟರೇ ಕೇಳಿ ಅಂಕ ಕೊಡುವ ಪರೀಕ್ಷೆಗಳು ಈಗಾಗಲೇ ಇವೆ. ಆಕ್ಸೆಂಟ್ ತಿದ್ದುವ ಯಂತ್ರ ಕೆಲಸ ಸಿಕ್ಕ ಮೇಲಿನ ಮಾತು. ಕೆಲಸದ ಬಾಗಿಲಲ್ಲಿ ಅದು ಜೊತೆಗೆ ಬರುವುದಿಲ್ಲ. ದುಡ್ಡಿದ್ದವರು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಾರೆ. ಸರ್ಕಾರಿ ಶಾಲೆಯ ಮಗುವಿಗೆ ಇರುವುದು ಆ ಒಂದು ಪೀರಿಯಡ್ ಮಾತ್ರ.

ಹಾಗೆಂದು ಅವಸರದಲ್ಲಿ ಮಾತಿಗೂ ಅಂಕ ಇಟ್ಟುಬಿಟ್ಟರೆ ಇನ್ನೊಂದು ಅಪಾಯ. ಏನನ್ನು ಅಳೆಯಬೇಕು ಎಂದು ಸ್ಪಷ್ಟ ಮಾಡದಿದ್ದರೆ ಅಂಕ ಆಕ್ಸೆಂಟಿಗೆ ಹೋಗುತ್ತದೆ. ಅಂಕ ಆಕ್ಸೆಂಟಿಗೆ ಹೋದರೆ ಹಳ್ಳಿಯ ಧಾಟಿಯ ಮಗು ಬಾಯಿ ಮುಚ್ಚುತ್ತದೆ. ಒಮ್ಮೆ ನಕ್ಕರೆ ಸಾಕು, ಆ ಮಗು ವರ್ಷವಿಡೀ ಕೈ ಎತ್ತುವುದಿಲ್ಲ. ಮೇಲೆ ಹೇಳಿದ ಬೆನ್ನಿಗೆ ಬೆನ್ನಿನ ಆಟವನ್ನೇ ಆಂತರಿಕ ಮೌಲ್ಯಮಾಪನಕ್ಕೆ ತರಬಹುದು. ಕೇಳಿದವನು ಚೌಕ ಸರಿಯಾಗಿ ತುಂಬಿದ್ದರೆ ಇಬ್ಬರಿಗೂ ಅಂಕ. ಅಲ್ಲಿ ಧಾಟಿಗೆ ಅಂಕವಿಲ್ಲ, ಅರ್ಥಕ್ಕೆ ಮಾತ್ರ.

ಸಮಯದ ಲೆಕ್ಕವೂ ಭಾರವಲ್ಲ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು ಎನ್ನುತ್ತದೆ. ದಿನಕ್ಕೆ ಐದು ನಿಮಿಷ ಅಂದರೆ 1,000 ನಿಮಿಷ, ಹದಿನಾರು ಗಂಟೆಗೂ ಜಾಸ್ತಿ. ಮೊದಲ ತಿಂಗಳು ವಿ-ಡಬ್ಲ್ಯು ಮತ್ತು ಪಿನ್-ಬಿನ್. ಆಮೇಲೆ ಜ಼, ಯೆಗ್ಗು-ವೋಲ್ಡು. ದಸರಾ ರಜೆ ಮುಗಿಸಿ ಬಂದ ಮೇಲೆ ಕವಡೆ-ಬೀಜದ ಆಟ. ಜನವರಿಯಿಂದ ಚಪ್ಪಾಳೆ.